ಗಾಳಿಯಿಲ್ಲದ ಊರಿನ ಪಶ್ಚಿಮ ದಿಕ್ಕು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಈ ಮನುಷ್ಯರ ಬಗ್ಗೆ ನಾನು ಆಡುವುದನ್ನೆಲ್ಲ, ಕೊನೆಯದೊಂದನ್ನು ಬಿಟ್ಟು, ಅವರು ಬದುಕಿದ್ದಾಗಲೇ, ಅವರ ಮನೆಯ ಉಪ್ಪಿಟ್ಟು ತಿನ್ನುತ್ತ, ಅವರ ಮುಖಕ್ಕೇ ಆಡಿ ಮುಗಿಸಿದ್ದೇನೆ. ಈಗ ಸ್ವರ ಬದಲಿಸಿದರೆ ಅವರೇ ಎದ್ದು ಬಂದು ‘ಲೆಕ್ಕ ಕೂಡಿ ಬರ್ತಿಲ್ಲ ಮೇಡಂ’ ಅಂದಾರು. ಬಹುವಚನ ಕೊಡುತ್ತೇನೆ, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನಿಂದಾಗದು.

ಶಿವಮೊಗ್ಗದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಅವರನ್ನು ದ್ರಷ್ಟಾರ ಅಂದರು, ಋಷಿ ಅಂದರು. ಒಬ್ಬ ಮಹಾನುಭಾವರು, ನಾವೆಲ್ಲ ನೆಲ ನೋಡಿಕೊಂಡು ನಡೆದರೆ ಅವರು ಆಕಾಶ ನೋಡಿಕೊಂಡು ನಡೆದರು ಅಂದರು. ನಿಜ. ಆಕಾಶ ನೋಡಿಕೊಂಡು ನಡೆಯುವವರು ಯಾರ ಕಾಲು ತುಳಿಯುತ್ತಾರೆ ಅನ್ನುವುದು ತುಳಿಸಿಕೊಂಡವರಿಗೆ ಮಾತ್ರ ಗೊತ್ತು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಮೌನಾಚರಣೆ ಮುಗಿದ ಕೂಡಲೇ ಎದ್ದು ಬಂದೆ.

ಅವರು ಭದ್ರಾವತಿಯ ಒಂದು ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದರು. ಡಿಪ್ಲೊಮಾ ಓದಿದವರು, ಆದರೂ ಊರವರ ಬಾಯಲ್ಲಿ ಎಂಜಿನಿಯರು. ಅದು ಹೊಟ್ಟೆಪಾಡು. ಅವರ ನಿಜವಾದ ಕಸುಬು ಸೌರಮಂಡಲ ಕಟ್ಟುವುದು. ಇನ್ನು ಇನ್ನೂರು ಮುನ್ನೂರು ವರ್ಷಕ್ಕೆ ಮನುಷ್ಯರು ಮಂಗಳದ ಮೇಲೆ, ಗುರುವಿನ ಚಂದ್ರಗಳ ಮೇಲೆ, ಅವೆರಡರ ನಡುವೆ ತಿರುಗುವ ಬಂಡೆಗಳ ಮೇಲೆ ಹೇಗೆ ಬದುಕುತ್ತಾರೆ ಅನ್ನುವುದನ್ನು ಭೌತಶಾಸ್ತ್ರ ಒಪ್ಪುವ ಹಾಗೆ, ಎಳ್ಳಷ್ಟೂ ಸುಳ್ಳಿಲ್ಲದೆ ಲೆಕ್ಕ ಹಾಕಿ ನಿಲ್ಲಿಸುವುದು. ನೀರು ಎಲ್ಲಿಂದ, ಉಸಿರು ಎಲ್ಲಿಂದ, ನೌಕೆ ಎಷ್ಟು ತಿಂಗಳಿಗೆ ಮುಟ್ಟುತ್ತದೆ, ಎಲ್ಲವೂ ಕೂಡಿ ಬರಬೇಕು. ಅವರು ಕಟ್ಟಿದ ಆ ಲೋಕದೊಳಗೆ ನಾವು ಯಾರು ಬೇಕಾದರೂ ಕಥೆ ಬರೆಯಬಹುದು ಅನ್ನುವುದು ಕರಾರು. ಪ್ರತಿ ಭಾನುವಾರ ಬೆಳಿಗ್ಗೆ ಅವರ ಕ್ವಾರ್ಟರ್ಸಿನ ಹಜಾರದಲ್ಲಿ ನಾಲ್ಕೈದು ಜನ ಸೇರುತ್ತಿದ್ದೆವು. ಗೋಡೆಯ ತುಂಬ ಅವರು ಬರೆದ ನಕ್ಷೆಗಳು. ದೇವರ ಪಟಗಳನ್ನು ಅಡುಗೆಮನೆಗೆ ಸಾಗಹಾಕಿದ್ದರು.

ನಾನು ಆಗ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಒಮ್ಮೆ ಭದ್ರಾವತಿಯಲ್ಲಿ ವಿಜ್ಞಾನ ಕಥೆಗಳ ಮೇಲೆ ಮಾತಾಡಲು ಕರೆದಿದ್ದರು. ಭಾಷಣ ಮುಗಿಸಿ ಇನ್ನೂ ನೀರು ಕುಡಿದಿರಲಿಲ್ಲ, ಮುಂದಿನ ಸಾಲಿನಿಂದ ಈ ಆಸಾಮಿ ಎದ್ದು ನಿಂತರು.

“ನೀವು ಹೊಗಳಿದ ಕಥೆಲಿ ನೌಕೆ ಗುಡುಗಿತು ಅಂತ ಇದೆ. ಅಲ್ಲಿ ಗಾಳಿನೇ ಇಲ್ಲ, ಗುಡುಗೋದು ಹೇಗೆ ಮಾರಾಯ್ರೆ?”

ಸಭೆ ನಕ್ಕಿತು. ನನಗೆ ಮೈ ಉರಿದುಹೋಯಿತು. ಆದರೆ ಮುಂದಿನ ಭಾನುವಾರ ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದವಳೂ ನಾನೇ. ನನ್ನ ಗಂಡ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಯಾಕೆ ಹೋದೆ ಅನ್ನುವುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಬರೀ ಹೊಟ್ಟೆಯುರಿಯ ಮಾತಾದೀತು. ಮಂಗಳಕ್ಕೂ ಗುರುವಿಗೂ ನಡುವೆ ಸೆರೆಸ್ ಅಂತ ಒಂದು ಕುಬ್ಜಗ್ರಹ ಇದೆ. ಮಣ್ಣಿನ ಕೆಳಗೆ ಮಂಜುಗಡ್ಡೆ, ಮೇಲೆ ಏನೂ ಇಲ್ಲ. ಅಲ್ಲಿ ಅವರು ಒಂದು ಊರು ಕಟ್ಟಿದ್ದರು. ಮೊದಲ ಭಾನುವಾರ ಅದನ್ನು ವಿವರಿಸಿದರು. ಅಲ್ಲಿ ಸೂರ್ಯ ನಮ್ಮ ಸೂರ್ಯನ ಮೂರನೇ ಒಂದು ಪಾಲು. ಒಂಬತ್ತು ಗಂಟೆಗೆ ಒಂದು ದಿನ ಮುಗಿದುಹೋಗುತ್ತದೆ. ಶಿಫ್ಟಿಗೆ ಹೋಗುವಾಗ ಬೆಳಗಾಗುತ್ತದೆ, ಶಿಫ್ಟು ಮುಗಿಯುವಷ್ಟರಲ್ಲಿ ಮತ್ತೆ ಬೆಳಗಾಗುತ್ತದೆ. ಭೂಮಿ ಅಲ್ಲಿಂದ ಒಂದು ಚುಕ್ಕಿ, ಅದೂ ಸೂರ್ಯನ ಆಸುಪಾಸಿನಲ್ಲೇ ಇರುವುದರಿಂದ ಹುಡುಕಿಕೊಳ್ಳಬೇಕು. ಅಲ್ಲಿಗೆ ಹೋದವರು ತಾಯಿಗೆ ಫೋನು ಮಾಡುವ ಹಾಗಿಲ್ಲ. ‘ಹೇಗಿದೀಯವ್ವ’ ಅಂದರೆ ಆ ಮಾತು ಮುಟ್ಟುವುದಕ್ಕೇ ಕಾಲು ಗಂಟೆಯೋ ಅರ್ಧ ಗಂಟೆಯೋ ಬೇಕು. ಇದನ್ನೆಲ್ಲ ಅವರು ರೇಷನ್ ಅಂಗಡಿಯ ವಿಳಾಸ ಹೇಳುವವರ ಹಾಗೆ ಹೇಳಿದರು. ಆವತ್ತು ಟಿಕೆಟ್ ಕೊಟ್ಟಿದ್ದರೆ ನಾನು ಅಲ್ಲಿಗೆ ಹೋಗಿಬಿಡುತ್ತಿದ್ದೆ.

ಹೊಗಳಿಕೆ ಇಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಊರು ಕಟ್ಟಿದ ಮನುಷ್ಯ ತಾವು ಒಂದೇ ಒಂದು ಕಥೆ ಬರೆಯಲಿಲ್ಲ. ಕೇಳಿದರೆ, “ಮೊದ್ಲು ಊರು ಸರಿಯಾಗ್ಲಿ, ಜನ ಆಮೇಲೆ ಬರ್ತಾರೆ” ಅನ್ನುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅನ್ನುವ ಗಾದೆ ಇದೆಯಲ್ಲ, ಇವರು ಕುಲಾವಿ ಹೊಲಿಯುತ್ತಲೇ ಇದ್ದರು, ಹುಟ್ಟಿದ ಕೂಸುಗಳ ತಲೆ ಅಳತೆಗೆ ಸರಿಯಿಲ್ಲ ಅಂತ ಒಂದೊಂದನ್ನೇ ಆಚೆ ಹಾಕುತ್ತಿದ್ದರು. ನಮ್ಮ ಗುಂಪಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರಿದ್ದರು, ಸಂಕೋಚದ ಪ್ರಾಣಿ. ಗುರುವಿನ ಚಂದ್ರ ಯುರೋಪಾದ ಮೇಲೆ ಒಂದು ಪ್ರೇಮಕಥೆ ಬರೆದು ತಂದರು. ಪ್ರೇಮಿಗಳು ಮಂಜಿನ ಮೇಲೆ ನಿಂತು ಗುರುಗ್ರಹ ಮೂಡುವುದನ್ನು ನೋಡುತ್ತಾರೆ. ಇವರು ಕನ್ನಡಕವನ್ನು ಪೆನ್ಸಿಲ್ಲಿನ ತುದಿಯಿಂದ ಮೇಲಕ್ಕೆ ತಳ್ಳಿ, ಸ್ವಲ್ಪ ಹೊತ್ತು ಗೀಚಿ, ಕಡ್ಡಿ ಮುರಿದ ಹಾಗೆ ಹೇಳಿದರು.

“ಒಂದ್ನೇದು, ಅಲ್ಲಿ ಗುರು ಮೂಡೋದೂ ಇಲ್ಲ ಮುಳುಗೋದೂ ಇಲ್ಲ, ಇದ್ದಲ್ಲೇ ಇರ್ತಾನೆ. ಎರಡ್ನೇದು, ಆ ವಿಕಿರಣಕ್ಕೆ ನಿಮ್ಮ ಹುಡುಗ ಸಾಯಂಕಾಲದೊಳಗೆ ವಾಂತಿ ಶುರು ಮಾಡ್ತಾನೆ. ಹುಡುಗಿಗೂ ಅಷ್ಟೇ.”

ಪಾಪ, ಅವರು ಮತ್ತೆ ಬರಲಿಲ್ಲ. ಲೆಕ್ಕ ಸರಿಯೇ ಇತ್ತು, ಅದನ್ನೇನೂ ಅಲ್ಲಗಳೆಯುವ ಹಾಗಿಲ್ಲ. ಇವರ ದೌರ್ಜನ್ಯದ ಸೊಗಸೇ ಅದು, ಲೆಕ್ಕ ಯಾವಾಗಲೂ ಸರಿ ಇರುತ್ತಿತ್ತು.

ಇನ್ನೊಮ್ಮೆ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇವರನ್ನು ತೀರ್ಪುಗಾರರಾಗಿ ಕರೆದಿದ್ದರು, ಜೊತೆಗೆ ನನ್ನನ್ನೂ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಥರ್ಮಾಕೋಲಿನಲ್ಲಿ ಮಂಗಳದ ಮನೆ ಮಾಡಿದ್ದಳು. ಅಂಗಳದಲ್ಲಿ ತುಳಸಿಕಟ್ಟೆ, ಬಾಗಿಲಲ್ಲಿ ಕಡ್ಡಿಯ ಅಪ್ಪ ಅಮ್ಮ ಅಜ್ಜಿ. ಇವರು ಬಗ್ಗಿ ನೋಡಿ, “ಬಾಗಿಲು ತೆಗೆದಿಟ್ಟಿದೀಯಲ್ಲ, ಒಳಗಿನ ಗಾಳಿ ಎಲ್ಲ ಹೋಯ್ತು. ನಿಮ್ಮ ಅಜ್ಜಿ ಸತ್ರು. ಎಲ್ರೂ ಸತ್ರು” ಅಂದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಇವರಿಗೆ ಅದು ಯಾಕೆ ಅಂತ ತಿಳಿಯಲೇ ಇಲ್ಲ. ಭದ್ರಾವತಿಗೆ ವಾಪಸು ಬರುವ ದಾರಿಯುದ್ದಕ್ಕೂ ಗಾಳಿ ಆಚೆ ಹೋಗದ ಹಾಗೆ ಎರಡು ಬಾಗಿಲಿನ ವ್ಯವಸ್ಥೆ ಹೇಗಿರಬೇಕು ಅಂತ ನನಗೆ ಪಾಠ ಹೇಳಿದರು.

ಆದರೆ ಅವರ ಪರಮಸಾಧನೆ ಅಂದರೆ ಒಗ್ಗರಣೆ ನಿಷೇಧ. ಇಡೀ ಸೌರಮಂಡಲದಲ್ಲಿ, ಭೂಮಿಯೊಂದನ್ನು ಬಿಟ್ಟು, ಯಾರೂ ಎಲ್ಲಿಯೂ ಒಗ್ಗರಣೆ ಹಾಕುವ ಹಾಗಿಲ್ಲ. ಸೆರೆಸ್ಸಿನಲ್ಲಿ ಗುರುತ್ವದ ಎಳೆತ ಕಡಿಮೆ, ಸಾಸಿವೆ ಸಿಡಿದರೆ ಚಾವಣಿಗೆ ಹೋಗಿ ಬಡಿಯುತ್ತದೆ ಅನ್ನುವುದು ಚಿಕ್ಕ ಕಾರಣ. ದೊಡ್ಡ ಕಾರಣ ಹೊಗೆ. “ಮುಚ್ಚಿದ ಜಾಗ ಮೇಡಂ. ಎಲ್ರೂ ಅದೇ ಗಾಳಿ ಉಸಿರಾಡ್ಬೇಕು. ಒಬ್ರ ಬಾಯಿರುಚಿಗೆ ಇನ್ನೊಬ್ರ ಶ್ವಾಸಕೋಶ ಹಾಳಾಗ್ಬಾರ್ದು” ಅನ್ನುತ್ತಿದ್ದರು. ಇದನ್ನು ಹೇಳುವಾಗ ಒಳಗಿನಿಂದ ಅವರ ಹೆಂಡತಿ ಸಾವಿತ್ರಮ್ಮ ಕೆಮ್ಮುವುದು ಕೇಳುತ್ತಿತ್ತು. ಆಮೇಲೆ ಸಾಸಿವೆ, ಕರಿಬೇವು, ಇಂಗು ಎಲ್ಲ ಬಿದ್ದ ಉಪ್ಪಿಟ್ಟು ಬರುತ್ತಿತ್ತು. ಅದರ ಸಾಸಿವೆ ಕಾಳನ್ನು ಇವರು ತಟ್ಟೆಯ ಅಂಚಿಗೆ ಒಂದೊಂದೇ ತಳ್ಳಿ, ನಡುವಿನ ಗೋಡಂಬಿಯ ಸುತ್ತ ಕಕ್ಷೆಗಳನ್ನು ತೋರಿಸುತ್ತಿದ್ದರು.

ಸಾವಿತ್ರಮ್ಮನಿಗೆ ಉಬ್ಬಸ. ಅದು ಎಲ್ಲರಿಗೂ ಗೊತ್ತಿತ್ತು. ಭದ್ರಾವತಿಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಆದ್ದರಿಂದ ಕಾರ್ಖಾನೆಯ ಹೊಗೆ ಪೂರ್ವಕ್ಕೆ ಹೋಗುತ್ತದೆ. ಕಟ್ಟಿಸಿದವರು ಜಾಣರು. ದೊಡ್ಡ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಟೆನಿಸ್ ಅಂಕಣ ಎಲ್ಲ ಪಶ್ಚಿಮಕ್ಕೆ. ಉಳಿದವರ ಕ್ವಾರ್ಟರ್ಸು ಪೂರ್ವಕ್ಕೆ. ಇವರ ಮನೆ ಪೂರ್ವದಲ್ಲಿತ್ತು. ಒಗೆದು ಹರವಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣ. ಸಾವಿತ್ರಮ್ಮ ಎರಡು ತಟ್ಟೆ ತಂದಿಟ್ಟು ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡು ಇನ್ನೆರಡು ತಟ್ಟೆ ತರಲು ಹೋಗುತ್ತಿದ್ದರು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರೆ. ಇವರು ಉಪಕಾರ ಮಾಡುತ್ತಿದ್ದ ಊರು ಇನ್ನೂ ಹುಟ್ಟೇ ಇರಲಿಲ್ಲ, ಅದೊಂದು ವ್ಯತ್ಯಾಸ.

ಮೂವತ್ತು ವರ್ಷ ಬೇರೆಯವರು ಬರೆದದ್ದನ್ನು ಪಾಠ ಮಾಡಿದವಳು ನಾನು. ನಾನೇ ಬರೆದದ್ದು ಒಂದೇ ಒಂದು ಕಾದಂಬರಿ, ಅದು ಈ ಸೆರೆಸ್ಸಿನ ಊರಿನಲ್ಲಿ ನಡೆಯುತ್ತದೆ. ಲಿಂಗಮ್ಮ ಅನ್ನುವವಳು ಅಲ್ಲಿನ ಒಬ್ಬ ಅಡುಗೆಯವಳು. ದಿನಾ ಪೂರ್ವದ ಲೈನುಮನೆಗಳಿಂದ ಪಶ್ಚಿಮದ ಬಂಗಲೆಗಳಿಗೆ ಅಡುಗೆಗೆ ಹೋಗುತ್ತಾಳೆ, ಅಲ್ಲೊಂದು ಕೋಣೆ ಸಿಕ್ಕರೆ ಸಾಕು ಅನ್ನುವುದು ಅವಳ ಆಸೆ. ಪ್ರತಿ ಅಧ್ಯಾಯವನ್ನೂ ಭಾನುವಾರ ಓದುತ್ತಿದ್ದೆ, ಇವರು ಪ್ರತಿಯೊಂದರಲ್ಲೂ ತಪ್ಪು ಹಿಡಿಯುತ್ತಿದ್ದರು. ಸೌಟಿನಿಂದ ಸಾರು ಸುರಿಯಿತು ಅಂದರೆ, ಅಷ್ಟು ಬೇಗ ಸುರಿಯೋದಿಲ್ಲ. ಲಿಂಗಮ್ಮ ಓಡಿದಳು ಅಂದರೆ, ಓಡಿದ್ರೆ ತಲೆ ಚಾವಣಿಗೆ ಹೊಡಿಯುತ್ತೆ. ನಾನು ತಿದ್ದಿದೆ. ಹಲ್ಲು ಕಚ್ಚಿಕೊಂಡು, ವರ್ಷಗಟ್ಟಲೆ ತಿದ್ದಿದೆ. ನನಗೆ ಬೇಕಾಗಿದ್ದದ್ದು ಒಂದೇ, ಆ ಪುಸ್ತಕ ಅಚ್ಚಾಗಬೇಕು.

ಲಿಂಗಮ್ಮನ ದಾರಿ ಬರೆಯುವುದಕ್ಕಾಗಿ ಅವರ ನಕ್ಷೆಯನ್ನು ದಿನಾ ನೋಡುತ್ತಿದ್ದೆನಲ್ಲ, ಒಂದು ದಿನ ತಟ್ಟನೆ ಕಣ್ಣಿಗೆ ಹೊಡೆಯಿತು. ಮುಂದಿನ ಭಾನುವಾರ ಎಲ್ಲರ ಮುಂದೆ ಕೇಳಿದೆ.

“ಸಾರ್, ಸೆರೆಸ್ಸಲ್ಲಿ ಬಂಗಲೆಗಳು ಯಾಕೆ ಪಶ್ಚಿಮಕ್ಕಿವೆ?”

“ನಡುವೆ ಕುಲುಮೆ ಇದೆಯಲ್ಲ ಮೇಡಂ. ಹೊಗೆ ಈ ಕಡೆ—”

ಪೆನ್ಸಿಲ್ಲು ಕನ್ನಡಕದ ಮೇಲೇ ಉಳಿಯಿತು.

“ಗಾಳಿ ಎಲ್ಲಿದೆ ಸಾರ್ ಅಲ್ಲಿ?” ಅಂದೆ.

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೂ ಖುಷಿಯೇ ಆಯಿತು, ಯಾಕೆ ಸುಳ್ಳು ಹೇಳಲಿ. ಗಾಳಿಯ ಲವಲೇಶವಿಲ್ಲದ ಬಂಡೆಯ ಮೇಲೆ ಈ ಮಹಾನ್ ಲೆಕ್ಕಿಗರು ಗಾಳಿಯ ದಿಕ್ಕು ನೋಡಿ ಬಂಗಲೆ ಕಟ್ಟಿಸಿದ್ದರು. ಒಂದು ಗುಡುಗಿಗೆ ನನ್ನನ್ನು ಸಭೆಯಲ್ಲಿ ನಗೆಪಾಟಲು ಮಾಡಿದವರು. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವರನ್ನು ಬಿಟ್ಟು ಭೂಮಿಯ ಮೇಲೆ ಇನ್ಯಾರೂ ಮಾಡಲಾರದ ತಪ್ಪು ಅದು. ಸಾವಿತ್ರಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರೊಬ್ಬರು ನಗಲಿಲ್ಲ.

ಇವರು ಎದ್ದು ಹೋಗಿ ನಕ್ಷೆಯ ಬಂಗಲೆಗಳ ಮೇಲೆ ಪೆನ್ಸಿಲ್ಲು ಇಟ್ಟರು. ಆಮೇಲೆ ನಿಧಾನವಾಗಿ ಹೇಳಿದರು.

“ಗಾಳಿ ಇಲ್ದಿದ್ರೂ ದೊಡ್ಡೋರು ಆ ಕಡೇನೇ ಇರ್ತಾರೆ ಮೇಡಂ.”

ನನ್ನ ನಗು ಅಲ್ಲೇ ನಿಂತಿತು. ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಮನುಷ್ಯರ ಬಗ್ಗೆ ಆಡಿದ ಏಕೈಕ ನಿಜವಾದ ಮಾತು ಅದು. ಬಸ್ಸಿನಲ್ಲಿ ಬರುವಾಗಲೇ ಅದನ್ನು ಬರೆದುಕೊಂಡೆ. ಕಾದಂಬರಿಗೆ ಅಲ್ಲಿಯ ತನಕ ಇಲ್ಲದಿದ್ದ ಬೆನ್ನೆಲುಬು ಅದರಿಂದ ಬಂತು. ಹೊಗೆಯೂ ಇಲ್ಲದ, ಗಾಳಿಯೂ ಇಲ್ಲದ ಊರಿನಲ್ಲಿ ಯಾಕೆ ಅಂತ ಯಾರಿಗೂ ನೆನಪಿಲ್ಲದೆ ದೊಡ್ಡವರು ಪಶ್ಚಿಮದಲ್ಲಿರುತ್ತಾರೆ, ಲಿಂಗಮ್ಮ ಪೂರ್ವದಲ್ಲಿರುತ್ತಾಳೆ. ಅಷ್ಟೇ ಕಥೆ.

ಮುಂದಿನ ಭಾನುವಾರ ಹೋದರೆ ನಕ್ಷೆಯಲ್ಲಿ ಬಂಗಲೆಗಳೇ ಇಲ್ಲ. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಊರನ್ನೆಲ್ಲ ನೆಲದಡಿಗೆ ಇಳಿಸಿ ಒಂದು ಉಂಗುರ ಮಾಡಿದ್ದರು. ಎಲ್ಲರಿಗೂ ಒಂದೇ ಅಳತೆಯ ಮನೆ, ಪೂರ್ವವೂ ಇಲ್ಲ, ಪಶ್ಚಿಮವೂ ಇಲ್ಲ.

“ಈಗ ಸರಿಯಾಯ್ತು” ಅಂದರು. “ನಿಮ್ಮ ಕಾದಂಬರಿ ಈಗ ತಪ್ಪು. ಲಿಂಗಮ್ಮ ಎಲ್ಲಿಗೂ ಹೋಗೋದು ಬೇಕಿಲ್ಲ.”

“ನಿಮ್ಮ ಬಾಯಿಂದ ಬಂದ ಮಾತೇ ಸಾರ್ ಅದರ ಜೀವ” ಅಂದೆ.

“ಬಾಯ್ತಪ್ಪಿ ಬಂದಿದ್ದು. ತೆಗೀರಿ.”

ನಾನು ತೆಗೆಯುವುದಿಲ್ಲ ಅಂದೆ. ಸಾರಿನ ವೇಗ ತಿದ್ದಿದವಳು, ಓಟ ತಿದ್ದಿದವಳು, ಇದನ್ನು ಮಾತ್ರ ತಿದ್ದಲಿಲ್ಲ. ಹಾಗಾದರೆ ನನ್ನ ಸೌರಮಂಡಲದಲ್ಲಿ ಆ ಪುಸ್ತಕ ಬರುವ ಹಾಗಿಲ್ಲ ಅಂದರು. ಅಂದದ್ದಷ್ಟೇ ಅಲ್ಲ, ಶಿವಮೊಗ್ಗದ ಕೋಟೆ ಹತ್ತಿರ ಸಣ್ಣ ಪ್ರೆಸ್ ಇಟ್ಟುಕೊಂಡು ನನ್ನ ಪುಸ್ತಕ ತರಲು ಒಪ್ಪಿದ್ದ ಪ್ರಕಾಶಕರ ಅಂಗಡಿಗೆ ಹೋಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು, ಲೋಕ ನನ್ನದು, ನನ್ನ ಒಪ್ಪಿಗೆ ಇಲ್ಲ ಅಂತ ಹೇಳಿ ಬಂದರು. ಪ್ರಕಾಶಕರು ಪುಕ್ಕಲು ಸ್ವಭಾವದವರು. “ಬೇರೆ ಗ್ರಹಕ್ಕೆ ಹಾಕ್ಬಿಡಿ ಮೇಡಂ, ತಂಟೆ ಯಾಕೆ” ಅಂದರು. ಹಾಕಿ ನೋಡಿದೆ. ಒಂಬತ್ತು ಗಂಟೆಯ ದಿನ ಹೋಯಿತು, ಚುಕ್ಕಿಯಂಥ ಭೂಮಿ ಹೋಯಿತು, ನಿಧಾನವಾಗಿ ಬೀಳುವ ಸಾರು ಹೋಯಿತು, ಲಿಂಗಮ್ಮ ಸತ್ತ ಮೀನಿನ ಹಾಗೆ ಕಾಗದದ ಮೇಲೆ ಬಿದ್ದುಕೊಂಡಳು. ಬೇಡ ಅಂತ ಕಟ್ಟಿ ಅಟ್ಟದ ಮೇಲಿಟ್ಟೆ. ಭಾನುವಾರದ ಬಸ್ಸನ್ನೂ ಬಿಟ್ಟೆ.

ಅದಾಗಿ ಎಷ್ಟೋ ವರ್ಷ. ಅವರೂ ನಿವೃತ್ತರಾದರು, ನಾನೂ ಆದೆ. ಪೂರ್ವದ ಕಡೆಯೇ ಸೈಟು ತಗೊಂಡು ಮನೆ ಕಟ್ಟಿಸಿದರು ಅಂತ ಕೇಳಿದ್ದೆ. ಎದುರು ಸಿಕ್ಕಾಗ ನಮಸ್ಕಾರ ಹಾಕಿ, “ತಿದ್ದಿದ್ರಾ?” ಅನ್ನುತ್ತಿದ್ದರು. “ಇಲ್ಲ” ಅನ್ನುತ್ತಿದ್ದೆ. ನಮ್ಮ ಸ್ನೇಹ ಅಷ್ಟಕ್ಕೆ ಬಂದು ನಿಂತಿತ್ತು.

ಶ್ರದ್ಧಾಂಜಲಿ ಸಭೆಯಾದ ಮೇಲೆ ಪ್ರಕಾಶಕರು ಫೋನು ಮಾಡಿದರು. “ಮೇಡಂ, ಇನ್ನು ಅಡ್ಡಿ ಇಲ್ವಲ್ಲ. ಆದ್ರೂ ಅವರ ಮನೆಯವರದ್ದು ಒಂದು ಮಾತು ತಗೊಂಡ್ಬಿಡಿ, ನನಗೂ ಧೈರ್ಯ.” ಹೆಣದ ಬೂದಿ ಆರುವ ಮುಂಚೆ ಹೋಗುವುದು ಬೇಡ ಅಂತ ಒಂದು ತಿಂಗಳು ಕಾದು ಭದ್ರಾವತಿಗೆ ಹೋದೆ.

ಸಾವಿತ್ರಮ್ಮ ಬಾಗಿಲು ತೆಗೆದರು. ತೆಳ್ಳಗಾಗಿದ್ದರು. ಕೈಯಲ್ಲಿ ಇನ್‌ಹೇಲರ್. ಈಗ ಆ ಕಡೆ ಮೊದಲಿನಷ್ಟು ಹೊಗೆ ಇಲ್ಲ, ಆದರೆ ಒಳಗೆ ಹೋದದ್ದು ಒಳಗೇ ಇತ್ತು. ಹೊಸ ಮನೆಯ ಗೋಡೆಯ ಮೇಲೂ ಅದೇ ನಕ್ಷೆಗಳು. ನಾನು ಬಂದ ಕೆಲಸ ಹೇಳುವುದಕ್ಕೆ ಮುಂಚೆ ಅವರೇ ಮಾತು ತೆಗೆದರು.

“ಅವತ್ತು ನೀವು ಬಂಗಲೆ ಯಾಕೆ ಪಶ್ಚಿಮಕ್ಕೆ ಅಂತ ಕೇಳಿದ್ರಲ್ಲ. ನಾನು ಬಾಗಿಲಲ್ಲೇ ಇದ್ದೆ.”

“ಹೌದು, ನೆನಪಿದೆ” ಅಂದೆ.

“ಅದಕ್ಕೆ ಹಿಂದಿನ ವರ್ಷ ಇವರಿಗೆ ಪ್ರಮೋಷನ್ ಬಂದಿತ್ತು. ಆಫೀಸರ್ ಗ್ರೇಡು. ಪಶ್ಚಿಮದ ಕಡೆ ಮನೆ ಕೊಡ್ತೀವಿ ಅಂದಿದ್ರು. ಡಾಕ್ಟ್ರೂ ಹೇಳಿದ್ರು, ನಿಮ್ಮ ಹೆಂಡ್ತೀನ ಈ ಹೊಗೆಯಿಂದ ಆಚೆ ಕರ್ಕೊಂಡ್ಹೋಗಿ ಅಂತ.”

“ಮತ್ತೆ?”

“ಬೇಡ ಅಂತ ಬರ್ದುಕೊಟ್ರು. ಆಫೀಸರ್ ಆದ್ರೆ ಯಾವಾಗ ಬೇಕಾದ್ರೂ ಕರೀತಾರೆ, ಭಾನುವಾರ ಸಿಗಲ್ಲ ಅಂದ್ರು. ಇನ್ನೊಂದೆರಡು ವರ್ಷ, ಊರು ಮುಗಿದ್ಬಿಡ್ಲಿ ಅಂದ್ರು.”

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರನ್ನು ನೋಡಿದ್ದೇನೆ. ಹೆಂಡತಿಯ ಪಾಲಿಗೆ ಬಂದ ಎಣ್ಣೆಗೆ ತಾವು ಕಣ್ಣು ಮುಚ್ಚಿಕೊಂಡವರನ್ನು ನೋಡಿರಲಿಲ್ಲ. ಒಗ್ಗರಣೆಯ ಹೊಗೆಯಿಂದ ಇನ್ನೂ ಹುಟ್ಟದವರ ಶ್ವಾಸಕೋಶ ಕಾಪಾಡಿದ ಮನುಷ್ಯ. ಅಷ್ಟು ದಿನ ನಾನು ಅವರನ್ನು ಹೆಡ್ಡ ಅಂದುಕೊಂಡಿದ್ದೆ, ಹೃದಯವಿಲ್ಲದ ಲೆಕ್ಕದ ಯಂತ್ರ ಅಂದುಕೊಂಡಿದ್ದೆ. ಅವರು ಹೆಡ್ಡರಲ್ಲ. ಪಶ್ಚಿಮ ದಿಕ್ಕು ಅಂದರೆ ಏನು ಅಂತ ಅವರ ಕೈಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ಅದನ್ನು ಉಜ್ಜಿ ಅಳಿಸಿದರು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆನೇನೋ. ನನಗೆ ಅಸಹ್ಯವಾಯಿತು, ಅದನ್ನು ಮುಚ್ಚಿಡುವ ಶಕ್ತಿಯೂ ನನ್ನ ಮುಖಕ್ಕೆ ಇರಲಿಲ್ಲ.

“ಬೈಕೋಬೇಡಿ” ಅಂದರು ಸಾವಿತ್ರಮ್ಮ. “ಬೈದು ಬೈದು ನನಗೇ ಸಾಕಾಗಿದೆ. ನೀವು ಬಂದಿದ್ದು ಯಾಕೆ ಹೇಳಿ.”

ಹೇಳಿದೆ. ಕಾದಂಬರಿ, ಲಿಂಗಮ್ಮ, ಪ್ರಕಾಶಕರ ಭಯ, ಒಪ್ಪಿಗೆಯ ಮಾತು. ಅವರು ಪೂರ್ತಿ ಕೇಳಿದರು. ನಡುವೆ ಒಮ್ಮೆ ಇನ್‌ಹೇಲರ್ ಬಾಯಿಗಿಟ್ಟುಕೊಂಡು, ಉಸಿರು ಹಿಡಿದು, ಬಿಟ್ಟು, ಮುಂದೆ ಹೇಳಿ ಅಂತ ಕೈ ಆಡಿಸಿದರು.

“ನಿಮ್ಮ ಪುಸ್ತಕದಲ್ಲಿ ಬಂಗಲೆ ಇನ್ನೂ ಪಶ್ಚಿಮಕ್ಕೇ ಇದೆಯಾ?”

“ಇದೆ.”

“ಆ ಲಿಂಗಮ್ಮ ಪೂರ್ವದಲ್ಲಾ?”

“ಹೂಂ.”

“ಅಲ್ಲೇ ಇರ್ಲಿ, ಒಂದಕ್ಷರ ಅಳಿಸ್ಬೇಡಿ” ಅಂದರು. “ಊರು ಇವರದ್ದೇ ಇರ್ಬೋದು ಮೇಡಂ. ಹೊಗೆ ಕುಡಿದೋಳು ನಾನು. ನಾನು ಹೇಳ್ತಿದೀನಲ್ಲ, ಅಚ್ಚು ಹಾಕ್ಸಿ.”